ಮುಳುಗಿದಲ್ಲಿ ಮೀನು ಯಾಕ ಸೇರ್ತಾವ?

ನಮ್ಮ ಬಾಗಲಕೋಟೆ ಜಿಲ್ಲೆಗೆ ಸಮುದ್ರ ಇಲ್ಲ. ಆದರೆ ನೀರಿನಲ್ಲಿ ಮುಳುಗಿದ ಊರುಗಳು ಅದಾವ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆಯ ಹಿನ್ನೀರು ಏರಿದಾಗ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು, ಸುತ್ತಲಿನ ಎಷ್ಟೋ ಹಳ್ಳಿಗಳು ಮುಳುಗಿದವು. ಅಲ್ಲಿನ ಜನರಿಗಾಗಿ ನವನಗರ ಕಟ್ಟಿದರು. ನಮ್ಮ ಅವ್ವನ ತವರುಮನೆಯೂ ಈಗ ನೀರಾಗ ಐತಿ. “ನಮ್ಮ ಪಡಸಾಲಿ ಈಗ ಮೀನಿನ ಪಾಲಾತು” ಅಂತ ಅಜ್ಜ ಹೇಳ್ತಾನ. ಮುಳುಗಿದ ಗೋಡೆಗಳ ಹತ್ತಿರ ಬಲೆ ಬಿಟ್ಟರೆ ಸಿಕ್ಕು ಹರಿಯುತ್ತದೆ. ಆದರೆ ಮೀನು ಅಲ್ಲೇ ಹೆಚ್ಚು ಅಂತ ಮೀನು ಹಿಡಿಯೋರು ಹೇಳ್ತಾರ. ಯಾಕ?

ನೀರಿನ ತಳದಲ್ಲಿ ಬರೀ ಕೆಸರು, ಉಸುಕು ಇದ್ದರೆ ಮೀನಿಗೆ ಅಡಗಲು ಜಾಗ ಇರುವುದಿಲ್ಲ. ಗೋಡೆ, ಕಲ್ಲು, ಕಬ್ಬಿಣ ಇದ್ದರೆ ಅದರ ಮೇಲೆ ಪಾಚಿ ಬೆಳೆಯುತ್ತದೆ. ಪಾಚಿ ತಿನ್ನಲು ಹುಳ, ಸಣ್ಣ ಮೀನು ಬರುತ್ತವೆ. ಅವನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ಹರಿವು ಜೋರಿದ್ದಾಗ ಗೋಡೆಯ ಮರೆಯಲ್ಲಿ ನಿಲ್ಲಬಹುದು. ಅಂದ್ರ ಅದು ಮೀನುಗಳಿಗೆ ಮನೆಯೂ ಹೌದು, ಸಂತೆಯೂ ಹೌದು.

ಸಮುದ್ರದಲ್ಲಿಯೂ ಹೀಗೇ ಐತಿ. 2022ರ ಜೂನ್ ತಿಂಗಳಲ್ಲಿ ಮಂಗಳೂರಿನ ಹತ್ತಿರ ಉಳ್ಳಾಲದ ಕಡಲಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಮುಳುಗಿತು. ಅದರಲ್ಲಿದ್ದ 15 ಜನರನ್ನು ಕರಾವಳಿ ಕಾವಲು ಪಡೆಯವರು ಉಳಿಸಿದರು. ಇಂಥ ಹಡಗು ಬಹಳ ದಿನ ತಳದಲ್ಲಿ ಉಳಿದರೆ ಅದಕ್ಕೂ ಪಾಚಿ, ಚಿಪ್ಪು ಹತ್ತುತ್ತವೆ. ಮುಂಬೈಯಿಂದ ಸುಮಾರು 160 ಕಿ.ಮೀ. ದೂರ ಸಮುದ್ರದೊಳಗೆ ‘ಬಾಂಬೆ ಹೈ’ ಅಂತ ಐತಿ. 1974ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಎಣ್ಣೆ ತೆಗೆಯುವ ಕಟ್ಟೆಗಳು ದೊಡ್ಡ ಕಬ್ಬಿಣದ ಕಾಲುಗಳ ಮೇಲೆ ನಿಂತಿವೆ. ಆದರೆ ಅಪಾಯ ಆಗಬಾರದು ಅಂತ ಅವುಗಳ ಸುತ್ತ 500 ಮೀಟರ್ ಒಳಗೆ ಮೀನುಗಾರರು ಹೋಗುವಂತಿಲ್ಲ.

ಅಮೆರಿಕದ ಲೂಯಿಸಿಯಾನಾ ಕಡಲಿನಲ್ಲಿ ಇಂಥ ಕಟ್ಟೆಗಳ ಕಾಲುಗಳ ನಡುವೆ ಜನ ಮುಳುಗಿ ಈಟಿಯಿಂದ ಮೀನು ಹೊಡೆಯುತ್ತಾರೆ. ಆ ಕೊಲ್ಲಿಯಲ್ಲಿ ಕೆಲಸ ಮುಗಿದ 500ಕ್ಕೂ ಹೆಚ್ಚು ಕಟ್ಟೆಗಳನ್ನು ಮೀನಿನ ಮನೆಯಾಗಲಿ ಅಂತ ನೀರಿನಲ್ಲೇ ಬಿಟ್ಟಿದ್ದಾರೆ. ಈಟಿಯ ಬಂದೂಕಿನಲ್ಲಿ ಮದ್ದು ಇರುವುದಿಲ್ಲ. ನಾವು ಹುಣಸಿಕಾಯಿಗೆ ಹೊಡೆಯುವ ರಬ್ಬರ್ ಬಿಲ್ಲಿನಂಗ ರಬ್ಬರ್ ಎಳೆದು ಬಿಡುತ್ತಾರೆ. ಈಟಿಗೆ ದಾರ ಕಟ್ಟಿರುತ್ತದೆ. ಬಲೆಗೆ ಎಲ್ಲಾ ಮೀನೂ ಬೀಳುತ್ತವೆ. ಈಟಿಯವನು ನೋಡಿ ಒಂದನ್ನೇ ಹೊಡೆಯುತ್ತಾನೆ, ಮರಿಗಳನ್ನು ಬಿಡಬಹುದು. ಇದು ಅದರ ಒಳ್ಳೇ ಗುಣ.

ಆದರೆ ಇದರಲ್ಲಿ ಜೀವಕ್ಕೆ ಅಪಾಯ ಬಹಳ. ಬಲೆ, ತಂತಿಗಳಿಗೆ ಮನುಷ್ಯನೂ ಸಿಕ್ಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯ ಉಸಿರಿನದು. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟು ಆಗುತ್ತದೆ. ಆ ಒತ್ತಡ ಇರುವತನಕ ಎದೆಯಲ್ಲಿರುವ ಆಮ್ಲಜನಕ ರಕ್ತಕ್ಕೆ ಸಿಗುತ್ತಿರುತ್ತದೆ. ಮೇಲೆ ಬರುವಾಗ ಒತ್ತಡ ಕಡಿಮೆ ಆಗಿ ಅದು ಸಾಲುವುದಿಲ್ಲ. ಆಗ ಇನ್ನೇನು ಮೇಲೆ ಬಂದ ಅನ್ನುವಾಗಲೇ ಮುಳುಗುವವನು ಮೂರ್ಛೆ ಹೋಗುತ್ತಾನೆ.

ಇದು ದೂರದ ದೇಶದ ಮಾತು ಅಂತ ಬಿಡಬ್ಯಾಡ್ರಿ. ಹೋದ ಬ್ಯಾಸಿಗಿ ರಜೆಯಲ್ಲಿ ನಾವು ಹೊಲದ ಬಾವಿಯಲ್ಲಿ ಉಸಿರು ಹಿಡಿಯುವ ಪಂದ್ಯ ಕಟ್ಟಿದ್ದೆವು. ನಮ್ಮ ದೊಡ್ಡಪ್ಪನ ಮಗ ಗೆಲ್ಲಬೇಕಂತ ಇಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟು ಮುಳುಗಿದ. ನಾವು ಮೇಲೆ ಕುಂತು ಎಣಿಸಿದೆವು, ಚಪ್ಪಾಳೆ ಹೊಡೆದೆವು. ಅವನು ಏಳಲಿಲ್ಲ. ಕಾಕಾ ಓಡಿ ಬಂದು ಹಾರಿ ಎತ್ತಿದ್ದರಿಂದ ಉಳಿದ. “ಉಸಿರು ಬೇಕು ಅಂತ ಅನ್ನಿಸಲೇ ಇಲ್ಲ” ಅಂದ. ನಮ್ಮ ವಿಜ್ಞಾನದ ಸರ್ ಅದರ ಕಾರಣ ತಿಳಿಸಿದರು. ಉಸಿರು ಬೇಕು ಅಂತ ಎಚ್ಚರಿಸುವುದು ಮುಖ್ಯವಾಗಿ ರಕ್ತದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್. ಜೋರಾಗಿ ಉಸಿರಾಡಿದರೆ ಅದು ಹೊರಗೆ ಹೋಗುತ್ತದೆ, ಆಮ್ಲಜನಕ ಮಾತ್ರ ಅಷ್ಟೇನೂ ಹೆಚ್ಚುವುದಿಲ್ಲ. ಅಂದ್ರ ಗಂಟೆ ಬಾರಿಸುವವನನ್ನೇ ನಾವು ಮನೆಗೆ ಕಳಿಸಿದಂಗ.

ಆದ್ದರಿಂದ ಗೆಳೆಯರೇ, ಇವನ್ನು ನೆನಪಿಡಿರಿ:

1. ಉಸಿರು ಹಿಡಿಯುವ ಪಂದ್ಯ ಕಟ್ಟಬಾರದು. ಮುಳುಗುವ ಮೊದಲು ಜೋರಾಗಿ ಉಸಿರಾಡಬಾರದು.
2. ಒಬ್ಬರೇ ಈಜಬಾರದು. ಈಟಿಯವರಲ್ಲಿ ಒಬ್ಬ ಮುಳುಗಿದರೆ ಇನ್ನೊಬ್ಬ ಮೇಲೆ ನಿಂತು ಅವನನ್ನೇ ನೋಡುತ್ತಿರುತ್ತಾನೆ. ಅವನು ಎದ್ದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯುವುದಿಲ್ಲ.
3. ಹಿನ್ನೀರಿನಲ್ಲಿ ಕಾಣದ ಗೋಡೆ, ಹಳೇ ಬಾವಿ, ಹರಿದ ಬಲೆ ಇರುತ್ತವೆ. ಅಲ್ಲಿ ಹಾರಬಾರದು.
4. ಯಾರಾದರೂ ಮುಳುಗಿದರೆ ಕೂಗಿ ದೊಡ್ಡವರನ್ನು ಕರೆಯಬೇಕು, ಹಗ್ಗ ಅಥವಾ ಖಾಲಿ ಕೊಡ ಎಸೆಯಬೇಕು, 108ಕ್ಕೆ ಫೋನ್ ಮಾಡಿಸಬೇಕು.

ಮುಳುಗಿದ ಮನೆ ಮೀನಿಗೆ ಇರಲಿ. ನಾವು ಮಾತ್ರ ಸಂಜೆಗೆ ನಮ್ಮ ಮನೆ ಸೇರೋಣ.

— 7ನೇ ತರಗತಿ