ಪಂಪ್ ಜೋರು, ಪೈಪ್ ಪಾಪ!

‘ಅಣ್ಣಾ, ಹಾಲ್ ತುಂಬಾ ನೀರು ಕಣೋ!’

ತಂಗಿ ಕಿರುಚಿದಾಗ ನಾನಿನ್ನೂ ಎರಡನೇ ಚಪಾತಿ ಮುರಿಯುತ್ತಿದ್ದೆ. ಓಡಿ ಹೋಗಿ ನೋಡಿದರೆ, ಐದು ನಿಮಿಷದ ಹಿಂದೆ ಆನ್ ಮಾಡಿ ಬಂದಿದ್ದ ನನ್ನ ನಾಲ್ಕು ಅಡಿಯ ಅಕ್ವೇರಿಯಂ ಅಂಚು ಮೀರಿ ಸುರಿಯುತ್ತಿತ್ತು. ಅಪ್ಪ ಸೋಫಾ ಮೇಲೆ ಕಾಲು ಮಡಚಿ ಕೂತು ನನ್ನನ್ನೇ ದುರುಗುಟ್ಟುತ್ತಿದ್ದರು. ಅಷ್ಟರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಬಂದೇಬಿಟ್ಟರು. ‘ಇನ್ನೊಂದ್ಸಲ ನಮ್ಮ ಸೀಲಿಂಗ್ ತೊಟ್ಟಿಕ್ಕಿದ್ರೆ ಈ ಗಾಜಿನ ಡಬ್ಬ ಇಲ್ಲಿರಕೂಡದು!’

ಆಗಿದ್ದಿಷ್ಟು. ಟ್ಯಾಂಕಿನ ಕೆಳಗೆ ಫಿಲ್ಟರ್ ಇರುವ ಇನ್ನೊಂದು ತೊಟ್ಟಿ ಇಟ್ಟಿದ್ದೆ. ಇದಕ್ಕೂ ಸಂಪ್ ಎಂದೇ ಹೆಸರು, ಅಂಗಳದ ಸಂಪ್ ಅಂದುಕೊಳ್ಳಬೇಡಿ. ಮೇಲಿನ ನೀರು ಒಂದಿಂಚಿನ ಪೈಪಿನಲ್ಲಿ ತಾನಾಗಿಯೇ ಸಂಪ್‌ಗೆ ಇಳಿಯುತ್ತದೆ. ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಜಾಸ್ತಿ ಓಡಿದಷ್ಟೂ ನೀರು ಶುದ್ಧ ಅಂತ ಗಂಟೆಗೆ 3000 ಲೀಟರಿನ ಪಂಪ್ ತಂದಿದ್ದೆ. ಪೈಪನ್ನು ಯಾರು ಕೇಳಬೇಕು?

ಮರುದಿನ ಮೀನುಗಳನ್ನು ಟಬ್‌ಗೆ ಬಿಟ್ಟು, 10 ಲೀಟರಿನ ಬಕೆಟ್ ಮತ್ತು ಮೊಬೈಲ್ ಹಿಡಿದು ಕೂತೆ. ನಾಲ್ಕಡಿ ಮೇಲಕ್ಕೆ ಎತ್ತಬೇಕಾದ್ದರಿಂದ ಪಂಪಿನ ಜೋರು ಕಡಿಮೆಯಾಗಿ, ಬಕೆಟ್ ತುಂಬಲು 15 ಸೆಕೆಂಡ್. ಅಂದರೆ ಗಂಟೆಗೆ 2400 ಲೀಟರ್. ಪೈಪಿನ ಬಾಯಿ ಪೂರ್ತಿ ಮುಳುಗಿಸಿ ಅಳೆದರೆ ಇಳಿಯುವ ನೀರಿಗೆ 18 ಸೆಕೆಂಡ್, ಗಂಟೆಗೆ 2000. ನಿಮಿಷಕ್ಕೆ ಆರೂವರೆ ಲೀಟರಿಗೂ ಹೆಚ್ಚು ಎಲ್ಲಿಗೆ ಹೋಗಬೇಕು? ಆಂಟಿ ಮನೆಗೇ!

ಪಂಪಿನ ಜೋರನ್ನು ತಗ್ಗಿಸಬಹುದು. ಪೈಪಿಗೆ ಎಷ್ಟು ಬೈದರೂ ಅದು ಹೆಚ್ಚು ನೀರು ಇಳಿಸುವುದಿಲ್ಲ. ಪಂಪಿನಿಂದ ಮೇಲೇರುವ ಪೈಪಿಗೆ ವಾಲ್ವ್ ಹಾಕಿಸಿ, ಬಕೆಟ್ ತುಂಬಲು 24 ಸೆಕೆಂಡ್ ಆಗುವವರೆಗೆ ತಿರುಗಿಸಿದೆ. ಗಂಟೆಗೆ 1500. ಪೂರ್ತಿ 2000ಕ್ಕೇ ಬಿಟ್ಟರೆ ಪೈಪಿನ ಬಾಯಿಗೆ ಒಂದು ಎಲೆ ಸಿಕ್ಕಿಕೊಂಡರೂ ಕಥೆ ಮುಗಿಯಿತು.

ಗೆದ್ದೆ ಅಂದುಕೊಂಡ ಸಂಜೆಯೇ ಕರೆಂಟ್ ಹೋಯಿತು. ಪಂಪ್ ನಿಂತದ್ದೇ, ನೀರು ಅದೇ ಪೈಪಿನಲ್ಲಿ ವಾಪಸ್ ಇಳಿದು ಸಂಪ್ ತುಂಬತೊಡಗಿತು. ಪೈಪಿನ ತುದಿ ಟ್ಯಾಂಕಿನಲ್ಲಿ ಆಳಕ್ಕೆ ಮುಳುಗಿತ್ತಲ್ಲ! ತಂಗಿ ಅದನ್ನು ಮೇಲೆತ್ತಿ ಹಿಡಿದಳು, ಬಚಾವಾದೆವು. ಈಗ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಆ ಪೈಪಿಗೊಂದು ಸಣ್ಣ ತೂತು ಕೊರೆದಿದ್ದೇನೆ. ಮಟ್ಟ ಅಲ್ಲಿಗಿಳಿದರೆ ಗಾಳಿ ನುಗ್ಗಿ ಹರಿವು ನಿಲ್ಲುತ್ತದೆ. ಅಷ್ಟು ನೀರಿಗೆ ಜಾಗ ಉಳಿಯಲೆಂದು ಸಂಪ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ. ವಾರಕ್ಕೊಮ್ಮೆ ಪಾಚಿ ಕಟ್ಟಿದೆಯೇ ಅಂತ ಆ ತೂತನ್ನು ತಂಗಿಯೇ ನೋಡುತ್ತಾಳೆ.

ಓನರ್ ಆಂಟಿ ಮೊನ್ನೆ ಬಂದು ಗೋಲ್ಡ್ ಫಿಶ್‌ಗಳನ್ನು ಹತ್ತು ನಿಮಿಷ ನೋಡಿದರು. ‘ಚೆನ್ನಾಗಿವೆ’ ಎಂದರು. ಹೊರಡುವಾಗ, ‘ಸೀಲಿಂಗ್‌ಗೆ ಪೇಂಟ್ ಯಾವಾಗ ಹೊಡೆಸ್ತೀಯಪ್ಪಾ?’