ಬದಲಿಸಿದ ಬಿಡಿಭಾಗ ಕೆಟ್ಟರೆ ಕೂಲಿಯ ಹೊಣೆ ಯಾರದು?

ಉಳುಮೆಗೆ ಎತ್ತುಗಳ ಬದಲು ಟ್ರಾಕ್ಟರು ಬಂದಂದಿನಿಂದ ರೈತನ ಖರ್ಚಿನ ಲೆಕ್ಕದಲ್ಲಿ ಹುಲ್ಲು ಹಿಂಡಿಗಳ ಸ್ಥಾನವನ್ನು ಡೀಸೆಲ್ಲೂ ಬಿಡಿಭಾಗಗಳೂ ರಿಪೇರಿಯ ಕೂಲಿಯೂ ಆಕ್ರಮಿಸಿರುವುವು. ಬಿಡಿಭಾಗಕ್ಕೆ ವಾರಂಟಿ ಇರುವುದೆಂದು ಅಂಗಡಿಯವರು ಹೇಳುವರು. ಅದನ್ನು ಕೇಳಿ ನಾವು ನಿಶ್ಚಿಂತರಾಗುವೆವು. ಆದರೆ ಆ ವಾರಂಟಿಯು ಭಾಗದ ಬೆಲೆಗೆ ಮಾತ್ರವೋ, ಅದನ್ನು ಬಿಚ್ಚಿ ಜೋಡಿಸುವ ಕೂಲಿಗೂ ಸೇರಿದೆಯೋ ಎಂಬುದನ್ನು ವಿಚಾರಿಸುವವರು ವಿರಳ. ವ್ಯಾಜ್ಯವು ಹುಟ್ಟುವುದು ಇಲ್ಲಿಯೇ.

ಕಳೆದ ಮುಂಗಾರಿನಲ್ಲಿ ನನ್ನ ವ್ಯಾಪ್ತಿಯ ಒಂದು ಗ್ರಾಮದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಕೃತವಾಗಲಾರದು. ಜಮೀನುದಾರರೊಬ್ಬರು ಪಟ್ಟಣದ ಅಂಗಡಿಯಲ್ಲಿ ಕ್ಲಚ್ಚಿನ ರಿಲೀಸ್ ಬೇರಿಂಗನ್ನು ಕೊಂಡು, ಊರಿನ ಮೆಕ್ಯಾನಿಕನಿಂದ ಹಾಕಿಸಿದರು. ಇಪ್ಪತ್ತು ದಿನಗಳಲ್ಲಿಯೇ ಅದು ಕಿರುಗುಟ್ಟಿ ಕೆಟ್ಟಿತು. ಅಂಗಡಿಯವರು ತಕರಾರಿಲ್ಲದೆ ಹೊಸ ಬೇರಿಂಗನ್ನು ಕೊಟ್ಟರು. ಆದರೆ ಕ್ಲಚ್ಚು ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಇರುವುದರಿಂದ ಅದನ್ನು ಮುಟ್ಟಬೇಕಾದರೆ ಸಾಮಾನ್ಯವಾಗಿ ಟ್ರಾಕ್ಟರನ್ನೇ ನಡುವೆ ಎರಡಾಗಿ ಬಿಡಿಸಬೇಕು. ಭಾಗದ ಬೆಲೆಗಿಂತ ಕೂಲಿಯೇ ಹಲವು ಪಾಲು ಹೆಚ್ಚು. “ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಡಬೇಕೇನಯ್ಯ?” ಎಂದು ಜಮೀನುದಾರರು ಕೇಳಿದರು. “ಬೇರಿಂಗನ್ನು ನಾನು ಮಾಡಿದವನಲ್ಲ, ಮಾರಿದವನೂ ಅಲ್ಲ ಯಜಮಾನರೇ, ಎರಡು ದಿನ ಮೈಮುರಿದು ದುಡಿದವನು ಮಾತ್ರ ನಾನು” ಎಂದು ಮೆಕ್ಯಾನಿಕನು ಉತ್ತರವಿತ್ತನು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಊರಿನ ಹಿರಿಯರು ತೀರ್ಮಾನ ಹೇಳಲಾರದೆ ಸುಮ್ಮನಾದರು. ಐದು ದಿನ ಟ್ರಾಕ್ಟರು ಎರಡು ತುಂಡಾಗಿ ನಿಂತಿತು. ಅಷ್ಟರಲ್ಲಿ ಹೊಲದ ಹದ ಆರಿಹೋಯಿತು. ಕೂಲಿಯ ಹಣಕ್ಕಿಂತ ಬಿತ್ತನೆ ತಪ್ಪಿದ ನಷ್ಟವೇ ದೊಡ್ಡದಾಯಿತು.

ಇಂಥ ವ್ಯಾಜ್ಯಗಳು ಗ್ರಾಮದ ಮುಖಂಡರ ಮುಂದೆಯೇ ಮೊದಲು ಬರುವುದರಿಂದ, ಅವರು ಮುಖ್ಯವಾಗಿ ವಿಚಾರಿಸಬೇಕಾದುದು ಭಾಗವು ಏಕೆ ಕೆಟ್ಟಿತೆಂಬುದನ್ನು. ಇದಕ್ಕೆ ಕಾರಣಗಳು ಮೂರು ಬಗೆ.

ಮೊದಲನೆಯದು, ಚಾಲಕನ ತಪ್ಪು. ಕ್ಲಚ್ ಪೆಡಲಿನ ಮೇಲೆ ಸದಾ ಕಾಲನ್ನು ಊರಿಕೊಂಡೇ ಓಡಿಸಿದರೆ ರಿಲೀಸ್ ಬೇರಿಂಗು ಬಿಡುವಿಲ್ಲದೆ ತಿರುಗಿ ಬೇಗ ಸವೆಯುವುದು. ಇಂಥಲ್ಲಿ ಕೂಲಿಯೂ ಭಾಗದ ಬೆಲೆಯೂ ಮಾಲೀಕನದೇ.

ಎರಡನೆಯದು, ಜೋಡಣೆಯ ತಪ್ಪು. ಪೆಡಲಿಗೆ ಇರಬೇಕಾದ ಸಡಿಲವನ್ನು ಸರಿಯಾಗಿ ಬಿಡದೆ ಹೋದರೆ ಬೇರಿಂಗೂ ಪ್ಲೇಟೂ ಎರಡೂ ಸವೆಯುವುವು. ಎಂಜಿನ್ನಿನ ಹಿಂದಿನ ಆಯಿಲ್ ಸೀಲು ಸೋರುತ್ತಿದ್ದುದನ್ನು ಗಮನಿಸದೆ ಹೊಸ ಪ್ಲೇಟನ್ನು ಹಾಕಿದರೆ ಅದು ಎಣ್ಣೆ ಹಿಡಿದು ಜಾರುವುದು. ಇಂಥಲ್ಲಿ ಮೆಕ್ಯಾನಿಕನು ಎರಡನೆಯ ಸಲ ಕೂಲಿಯಿಲ್ಲದೆ ಮಾಡಿಕೊಡುವುದು ಧರ್ಮ.

ಮೂರನೆಯದು, ಭಾಗದ ದೋಷ. ಭಾಗವನ್ನು ಮಾರಿದವರೇ ಜೋಡಿಸಿಯೂ ಕೊಟ್ಟಿದ್ದರೆ ಹೊಣೆಯು ಒಂದೇ ಕಡೆ ಇರುವುದರಿಂದ ಕೂಲಿಯನ್ನು ಮತ್ತೆ ಕೇಳುವುದು ನ್ಯಾಯವಲ್ಲ. ಮಾರಿದವರು ಬೇರೆ, ಜೋಡಿಸಿದವರು ಬೇರೆಯಾದರೆ, ನಿರ್ದೋಷಿಯಾದ ಮೆಕ್ಯಾನಿಕನಿಗೆ ಕೂಲಿ ಸಲ್ಲಲೇಬೇಕು. ಆ ಕೂಲಿಯು ಮಾಲೀಕನಿಗಾದ ನಷ್ಟ. ಅದನ್ನು ಅವನು ಮಾರಿದವರಿಂದ ಕೇಳಬಹುದು.

ಈ ಮಾತಿಗೆ ಕಾನೂನಿನ ಆಧಾರವೂ ಉಂಟು. ಕೊಳ್ಳುವವನು ಉಪಯೋಗವನ್ನು ತಿಳಿಸಿ, ಆ ಸರಕಿನ ವ್ಯಾಪಾರಿಯನ್ನು ನಂಬಿ ಕೊಂಡರೆ, ಸರಕು ಆ ಉಪಯೋಗಕ್ಕೆ ಯೋಗ್ಯವಾಗಿರಬೇಕೆಂದು ೧೯೩೦ನೆಯ ಸರಕು ಮಾರಾಟ ಕಾಯಿದೆಯ ೧೬ನೆಯ ಕಲಮು ಹೇಳುವುದು. ಕರಾರು ಮುರಿದುದರಿಂದ ಸಹಜವಾಗಿ ಉಂಟಾಗುವ ನಷ್ಟಕ್ಕೆ ಪರಿಹಾರ ಸಲ್ಲಬೇಕೆಂದು ೧೮೭೨ನೆಯ ಕರಾರು ಕಾಯಿದೆಯ ೭೩ನೆಯ ಕಲಮು ವಿಧಿಸಿರುವುದು. ಆದರೆ ಉಭಯರೂ ಸ್ಪಷ್ಟವಾಗಿ ಬೇರೆ ಷರತ್ತನ್ನು ಒಪ್ಪಿದ್ದರೆ ಇಂಥ ಸಹಜ ಹಕ್ಕು ಮೊಟಕಾಗಬಹುದು. ಆದುದರಿಂದ ವಾರಂಟಿ ಚೀಟಿಯಲ್ಲಿ “ಕೂಲಿ ಸೇರಿಲ್ಲ” ಎಂದು ಅಚ್ಚಾಗಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಓದಿಸಿ ತಿಳಿಯಬೇಕು. ಹೊಸ ಟ್ರಾಕ್ಟರಿನ ವಾರಂಟಿಯ ಅವಧಿಯಲ್ಲಿ ಬದಲಿಸಿಕೊಟ್ಟ ಭಾಗಕ್ಕೆ ಸಾಮಾನ್ಯವಾಗಿ ಮೂಲ ವಾರಂಟಿಯಲ್ಲಿ ಉಳಿದ ದಿನಗಳು ಮಾತ್ರ ಸಲ್ಲುವುವೆಂಬುದೂ ನೆನಪಿರಲಿ.

ಒಪ್ಪಂದದಿಂದ ಮುಗಿಯದಿದ್ದರೆ ೨೦೧೯ನೆಯ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಾರಣ ಹುಟ್ಟಿದ ೨ ವರ್ಷಗಳೊಳಗೆ ದೂರು ಸಲ್ಲಬೇಕು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಹೂಡಬಹುದು. ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ಬಿತ್ತನೆ ಬೀಜದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿರುವುದು. ಆದರೆ ಟ್ರಾಕ್ಟರನ್ನು ಲಾಭಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಬಾಡಿಗೆಗೆ ಬಿಡುವವರಿಗೆ ಇದು ವ್ಯಾಪಾರವೆಂಬ ಆಕ್ಷೇಪಣೆ ಎದುರಾಗಬಹುದು. ಮೊದಲ ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಕರೆಮಾಡಬಹುದು.

ವ್ಯಾಜ್ಯವೇ ಬಾರದಂತೆ ಮಾಡುವುದು ಇದೆಲ್ಲಕ್ಕಿಂತ ಉತ್ತಮ. ಭಾಗವನ್ನು ಕೊಳ್ಳುವಾಗ ಬಿಲ್ಲನ್ನು ತಪ್ಪದೆ ಪಡೆಯಿರಿ. ಕೆಟ್ಟರೆ ಕೂಲಿ ಯಾರದೆಂಬುದನ್ನು ಅದರ ಮೇಲೆಯೇ ಬರೆಸಿರಿ. ಮೆಕ್ಯಾನಿಕನಿಂದ ಕೂಲಿಯ ರಶೀದಿಯನ್ನು ತೆಗೆದುಕೊಳ್ಳಿರಿ. ಜೋಡಿಸಿದ ದಿನ ಗಂಟೆಮಾಪಕದಲ್ಲಿದ್ದ ಅಂಕಿಯನ್ನು ಅದರಲ್ಲಿ ಬರೆದಿಡಿರಿ. ಭಾಗವು ಕೆಟ್ಟರೆ ಬಿಚ್ಚಿಸುವ ಮೊದಲು ಅಂಗಡಿಯವರಿಗೆ ತಿಳಿಸಿರಿ. ಕೆಟ್ಟ ಭಾಗವನ್ನು ಗುಜರಿಗೆ ಹಾಕದೆ ಪೆಟ್ಟಿಗೆಯ ಸಮೇತ ಇಟ್ಟುಕೊಳ್ಳಿರಿ; ಮರಳಿ ಕೊಡಬೇಕಾದರೆ ಫೋಟೋ ತೆಗೆದು, ಸ್ವೀಕೃತಿ ಚೀಟಿ ಪಡೆದು ಕೊಡಿರಿ. ಏಕೆಂದರೆ ದೋಷವನ್ನು ತೋರಿಸುವ ಸಾಕ್ಷಿಯು ಅದೊಂದೇ.

ಮೇಲೆ ಹೇಳಿದ ಗ್ರಾಮದ ಜಮೀನುದಾರರು ಕೊನೆಗೆ ಮೆಕ್ಯಾನಿಕನಿಗೆ ಪೂರ್ಣ ಕೂಲಿಯನ್ನು ಕೊಟ್ಟು, ರಶೀದಿಯೊಡನೆ ಅಂಗಡಿಗೆ ಹೋದರು. ಅಂಗಡಿಯವರು ಅರ್ಧವನ್ನು ಭರಿಸಿದರು. ಇದೇ ಕೆಲಸವು ಮೊದಲ ದಿನವೇ ಆಗಿದ್ದರೆ ಹೊಲ ಬೀಳುಬೀಳುತ್ತಿರಲಿಲ್ಲ. ಆದುದರಿಂದ ಮುಖಂಡರು ಇಂಥ ಸಂದರ್ಭದಲ್ಲಿ ದುಡಿದವನ ಕೂಲಿಯನ್ನು ಮೊದಲು ಕೊಡಿಸಿ ಯಂತ್ರವನ್ನು ಹೊಲಕ್ಕೆ ಕಳುಹಿಸಲಿ. ಹೊಣೆಯ ಲೆಕ್ಕವನ್ನು ಬಿತ್ತನೆ ಮುಗಿದ ಮೇಲೆ ಕಾಗದಪತ್ರಗಳ ಆಧಾರದಿಂದ ತೀರಿಸಲಿ. ವ್ಯಾಜ್ಯವು ಕಾಯಬಲ್ಲುದು, ಹದವು ಕಾಯಲಾರದು.