ರಾತ್ರಿ ನಿಮ್ಮ ವಾಚು ಹೇಗೆ ಮಲಗುತ್ತದೆ?

ವಡೋದರಾದಿಂದ ಓದುಗರೊಬ್ಬರು ಬರೆದಿದ್ದಾರೆ. ತೀರಿಕೊಂಡ ತಂದೆಯ ಎಚ್‌ಎಂಟಿ ಜನತಾ ವಾಚು ಈಗ ಅವರ ಕೈಯಲ್ಲಿದೆ. ಊರಿಂದ ತಂದು, ಬಿಚ್ಚಿಸಿ ತೊಳೆಸಿ, ಎಣ್ಣೆ ಹಾಕಿಸಿ ಕಟ್ಟಿಕೊಂಡಿದ್ದಾರೆ. ‘ದಿನಾ ಬೆಳಿಗ್ಗೆ ಕೀ ಕೊಟ್ಟು, ಮೊಬೈಲ್ ನೋಡಿ, ಸೆಕೆಂಡೂ ತಪ್ಪದ ಹಾಗೆ ಟೈಮ್ ಇಡುತ್ತೇನೆ. ಮರುದಿನ ನೋಡಿದರೆ ಇಪ್ಪತ್ತೈದು ಸೆಕೆಂಡು ಮುಂದೆ ಓಡಿರುತ್ತದೆ. ಇಡುವುದರಲ್ಲೇ ಏನೋ ತಪ್ಪುತ್ತಿದ್ದೇನೆಯೇ? ಅಪ್ಪನ ಕೈಯಲ್ಲಿದ್ದಾಗ ಇದು ರೇಡಿಯೊ ಜೊತೆ ಸರಿಯಾಗಿ ಹೊಂದುತ್ತಿತ್ತು.’

ಮೊದಲಿಗೆ ಆ ವಾಚಿಗೆ ಒಂದು ನಮಸ್ಕಾರ. ಜನತಾದ ಹೊಟ್ಟೆಯೊಳಗಿನ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಸಲ ‘ಟಿಕ್’ ಎನ್ನುತ್ತದೆ, ದಿನಕ್ಕೆ 4,32,000 ಸಲ. ಇಪ್ಪತ್ತೈದು ಸೆಕೆಂಡು ಮುಂದೆ ಹೋಯಿತೆಂದರೆ ಇಷ್ಟರಲ್ಲಿ 125 ಟಿಕ್ ಹೆಚ್ಚಾಯಿತು, ಅಷ್ಟೇ. ದಿನಸಿ ಅಂಗಡಿಯವನು ಹತ್ತು ಕಿಲೋ ಅಕ್ಕಿ ತೂಗುವಾಗ ಮೂರು ಗ್ರಾಂ ಹೆಚ್ಚು ಹಾಕಿದ ಹಾಗೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು ಅದು. ಆ ಎಚ್‌ಎಂಟಿ ವಾಚ್ ಕಂಪನಿಯ ಬಾಗಿಲು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೂಸು ಮಾತ್ರ ವಡೋದರಾದಲ್ಲಿ ಇನ್ನೂ ಟಿಕ್ ಟಿಕ್ ಎನ್ನುತ್ತಿದೆ.

‘ಸರಿಯಾದ ಟೈಮ್’ ಅಂದರೆ ಯಾವುದು? ನೀವಿರುವ ಗುಜರಾತಿನಲ್ಲಿ ಇದು ಸ್ವಲ್ಪ ತಮಾಷೆಯ ಪ್ರಶ್ನೆ. ನಮ್ಮ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಅಹಮದಾಬಾದ್ ಇರುವುದು ಸುಮಾರು 72.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಿಡಿದರೆ, ಅಲ್ಲಿಯ ಸೂರ್ಯ ವಾಚಿಗಿಂತ ಹತ್ತಿರ ಹತ್ತಿರ ನಲವತ್ತು ನಿಮಿಷ ತಡ. ಸೂರತ್ ಮತ್ತು ಮುಂಬೈ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. 1906ರಲ್ಲಿ ಇಡೀ ದೇಶಕ್ಕೆ ಒಂದೇ ಕಾಲಮಾನ ಬಂದಾಗ ಮುಂಬೈಯವರು ಒಪ್ಪದೆ, 39 ನಿಮಿಷ ಹಿಂದಿನ ತಮ್ಮದೇ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಬಿಡಲಿಲ್ಲ. ಸೂರ್ಯನ ಲೆಕ್ಕದಲ್ಲಿ ಅವರದೇ ಸರಿ!

ಇಲ್ಲಿ ಒಂದು ಜಗಳ ತೆಗೆಯಲೇಬೇಕು. ಅಹಮದಾಬಾದಿನಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಯೊಂದರಲ್ಲಿ ಬೆಂಗಳೂರಿನ ಕ್ಯಾಲೆಂಡರ್ ತೂಗುತ್ತದೆ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ, ನಾಲ್ಕು ಇಪ್ಪತ್ತೊಂಬತ್ತಕ್ಕೆ ಮನೆ ಬಿಡಬೇಕು ಎಂದು ಯಜಮಾನರು ವಾಚು ನೋಡುತ್ತಾ ಚಪ್ಪಲಿ ಹಾಕಿಕೊಳ್ಳುತ್ತಾರೆ. ಸ್ವಾಮಿ, ಆ ಪಟ್ಟಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಬರೆದದ್ದು. ಜನವರಿಯಲ್ಲಿ ಬೆಂಗಳೂರಿನ ಸೂರ್ಯ ಮುಕ್ಕಾಲು ಗಂಟೆ ತಡವಾಗಿ ಏಳುತ್ತಾನೆ, ನಿಮ್ಮ ಅಹಮದಾಬಾದಿನವನು ಏಳುಕಾಲು ದಾಟಿಸುತ್ತಾನೆ. ಜೂನ್‌ನಲ್ಲಿ ಇನ್ನೂ ಸೊಗಸು: ಅಹಮದಾಬಾದ್ ಪಶ್ಚಿಮಕ್ಕಿರುವುದರಿಂದ ಆಗುವ ತಡವನ್ನು ಉತ್ತರಕ್ಕಿರುವುದರ ಲಾಭ ನುಂಗಿ, ಎರಡೂ ಊರಲ್ಲಿ ಸೂರ್ಯೋದಯ ಆರಕ್ಕೆ ಏಳೆಂಟು ನಿಮಿಷ ಇರುವಾಗಲೇ. ಸಂಜೆ ಮಾತ್ರ ಅಲ್ಲಿ ಸೂರ್ಯ ಏಳೂವರೆಯ ತನಕ ಕದಲುವುದಿಲ್ಲ. ಶಾಸ್ತ್ರದ ಲೆಕ್ಕವೇ ಸೂರ್ಯನನ್ನು ಹಿಡಿದು ನಡೆಯುವಾಗ, ನೀವು ವಾಚು ಹಿಡಿದು ಓಡುತ್ತೀರಿ. ನಂಬುವುದಾದರೆ ಸರಿಯಾಗಿಯಾದರೂ ನಂಬಿ.

ಸರಿಯಾದ ಟೈಮಿನ ಇನ್ನೊಂದು ತುದಿಯೂ ಅದೇ ಅಹಮದಾಬಾದಿನಲ್ಲಿದೆ. ನಮ್ಮ ಪಥದರ್ಶಕ ಉಪಗ್ರಹಗಳಲ್ಲಿ ಮೊದಲನೆಯದನ್ನು 2013ರಲ್ಲಿ ಹಾರಿಸಿದಾಗ ಅದರಲ್ಲಿದ್ದ ಮೂರು ರುಬಿಡಿಯಂ ಪರಮಾಣು ಗಡಿಯಾರಗಳು ಹೊರಗಿನಿಂದ ತರಿಸಿದವು. ಮೂರೂ ಕೆಟ್ಟವು. ಆಕಾಶದಲ್ಲಿ ಗಡಿಯಾರ ಒಂದು ಮೈಕ್ರೋಸೆಕೆಂಡು ತಪ್ಪಿದರೆ ನೆಲದ ಮೇಲೆ ದಾರಿ 300 ಮೀಟರ್ ತಪ್ಪುತ್ತದೆ. ಕೊನೆಗೆ ಅಹಮದಾಬಾದಿನಲ್ಲಿರುವ ಇಸ್ರೊದ ಬಾಹ್ಯಾಕಾಶ ಅನ್ವಯಗಳ ಕೇಂದ್ರದವರು ತಾವೇ ಒಂದು ಪರಮಾಣು ಗಡಿಯಾರ ಮಾಡಿದರು. 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಅದು ಮೇಲೇರಿತು. ನಿಮ್ಮ ಜನತಾ ಸೆಕೆಂಡಿಗೆ 5 ಟಿಕ್ ಎಣಿಸುವಾಗ ರುಬಿಡಿಯಂ ಗಡಿಯಾರ 683 ಕೋಟಿಗೂ ಹೆಚ್ಚು ಕಂಪನ ಎಣಿಸುತ್ತದೆ. ಕೆಲಸ ಮಾತ್ರ ಒಂದೇ, ಎಣಿಸುವುದು.

ಈಗ ಇಡುವ ವಿಷಯ. ಆ್ಯಪ್‌ನಲ್ಲಿ ಬರುವ ರೇಡಿಯೊ ಕೇಳಿ ಇಡಬೇಡಿ, ಅದು ಹಲವು ಸೆಕೆಂಡು ತಡವಾಗಿ ಬರುತ್ತದೆ. ಸೆಕೆಂಡು ತೋರಿಸುವ ಮೊಬೈಲ್ ಗಡಿಯಾರ ಸಾಕು. ಕೆಲವು ವಾಚುಗಳಲ್ಲಿ ಕೀಯನ್ನು ಹೊರಗೆಳೆದರೆ ಸೆಕೆಂಡು ಮುಳ್ಳು ನಿಲ್ಲುತ್ತದೆ. ಅದು ಹನ್ನೆರಡಕ್ಕೆ ಬಂದಾಗ ಎಳೆದು, ನಿಮಿಷದ ಮುಳ್ಳನ್ನು ಗೆರೆಯ ಮೇಲೆ ಕೂರಿಸಿ, ಮೊಬೈಲಿನಲ್ಲಿ ಸೊನ್ನೆ ಬಂದ ಕ್ಷಣ ಒಳಗೊತ್ತಿದರೆ ಮುಗಿಯಿತು. ಎಳೆದರೂ ಸೆಕೆಂಡು ಮುಳ್ಳು ಓಡುತ್ತಲೇ ಇರುವ ವಾಚುಗಳಿಗೆ ಒಂದು ಕಳ್ಳದಾರಿ ಇದೆ. ಕೀಯನ್ನು ಎಳೆದು, ಮುಳ್ಳು ಹಿಂದಕ್ಕೆ ಹೋಗುವ ದಿಕ್ಕಿಗೆ ಹಗುರವಾಗಿ ಒತ್ತಡ ಕೊಡಿ. ತಿರುಗಿಸಬೇಡಿ, ಬರಿಯ ಒತ್ತಡ. ಸೆಕೆಂಡು ಮುಳ್ಳು ತಡವರಿಸಿ ನಿಂತುಬಿಡುತ್ತದೆ!

ಇದು ಯಾಕೆ ಹೀಗೆ ಎಂಬುದು ನನಗೆ ಬಲು ಇಷ್ಟದ ಸಂಗತಿ. ನಿಮಿಷದ ಮುಳ್ಳು ಕೂತಿರುವ ಸಣ್ಣ ಕೊಳವೆಯನ್ನು ಒಳಗಿನ ಅಕ್ಷಕ್ಕೆ ಬೆಸುಗೆ ಹಾಕಿರುವುದಿಲ್ಲ, ಬರೀ ಬಿಗಿಯಾಗಿ ತೊಡಿಸಿರುತ್ತಾರೆ, ಬೆರಳಿಗೆ ಉಂಗುರ ತೊಡಿಸಿದ ಹಾಗೆ. ವಾಚು ತಾನಾಗಿ ಓಡುವಾಗ ಉಂಗುರ ಬೆರಳಿನ ಜೊತೆ ತಿರುಗುತ್ತದೆ. ನೀವು ಜೋರಾಗಿ ತಿರುಗಿಸಿದರೆ ಉಂಗುರ ಮಾತ್ರ ಜಾರುತ್ತದೆ, ಒಳಗಿನ ಹಲ್ಲು ಮುರಿಯುವುದಿಲ್ಲ. ಜಾರುವಷ್ಟು ಜೋರಲ್ಲದೆ ಹಗುರವಾಗಿ ಹಿಂದಕ್ಕೆ ಒತ್ತಿದಾಗ ಆ ಒತ್ತಡ ಒಳಗೆ ಹೋಗಿ ಮೇನ್‌ಸ್ಪ್ರಿಂಗಿನ ಬಲಕ್ಕೆ ಎದುರು ನಿಲ್ಲುತ್ತದೆ. ಸ್ಪ್ರಿಂಗಿನ ತಳ್ಳು ಸಿಗದೆ ಬ್ಯಾಲೆನ್ಸ್ ಚಕ್ರ ಸುಮ್ಮನಾಗುತ್ತದೆ. ಅಂದಹಾಗೆ, ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ವಾಚು ಕೆಟ್ಟುಹೋಗುತ್ತದೆ ಎಂದು ನಮ್ಮಜ್ಜ ಗದರುತ್ತಿದ್ದರು. ಅದು ಗಂಟೆ ಹೊಡೆಯುವ ಗೋಡೆ ಗಡಿಯಾರಕ್ಕೆ ಸಲ್ಲುವ ಮಾತು. ತಾರೀಕಿಲ್ಲದ ಸರಳ ಕೈಗಡಿಯಾರಕ್ಕೆ ಅದರ ಭಯವಿಲ್ಲ.

ಆಭರಣದ ಭ್ರಮೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಸೂರತ್‌ನಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕಡೆಯವರೊಬ್ಬರು, ವಾಚಿನ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದದ್ದು ನೋಡಿ, ಮಹಿಧರಪುರದ ವಜ್ರದ ಪೇಟೆಗೆ ಅದನ್ನು ಒಯ್ದು ಬೆಲೆ ಕೇಳಿದ್ದರಂತೆ. ಅಲ್ಲಿಯವರು ನಕ್ಕು ಚಹಾ ಕುಡಿಸಿ ಕಳಿಸಿದರು. ಆ ಹದಿನೇಳು ಹರಳುಗಳು ಕುಲುಮೆಯಲ್ಲಿ ಮಾಡಿದ ಕೃತಕ ಮಾಣಿಕ್ಯ. ಫ್ರಾನ್ಸಿನ ವೆರ್ನ್ಯೂಯ್ 1902ರಲ್ಲಿ ಆ ದಾರಿ ತೋರಿಸಿದ ಮೇಲೆ ಅವು ಅಗ್ಗವಾದವು. ಅವುಗಳ ಕೆಲಸ ಹೊಳೆಯುವುದಲ್ಲ, ಸವೆಯದಿರುವುದು. ತಿರುಗುವ ಅಕ್ಷಗಳ ಸೂಜಿಮೊನೆಗಳು ಈ ಹರಳಿನ ತೂತುಗಳಲ್ಲಿ ಕೂತಿರುತ್ತವೆ. ಓದುಗರ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ವಾಚು ಅಂಗಾತ ಮಲಗಿದ್ದಾಗ ಬ್ಯಾಲೆನ್ಸ್ ಚಕ್ರದ ಅಕ್ಷ ಬುಗುರಿಯ ಹಾಗೆ ಮೊನೆಯ ಮೇಲೆ ನಿಂತು ತೂಗುತ್ತದೆ. ಘರ್ಷಣೆ ತೀರಾ ಕಡಿಮೆ. ವಾಚನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅಕ್ಷ ಅಡ್ಡ ಮಲಗಿ, ತನ್ನ ಪಕ್ಕೆಯನ್ನು ಹರಳಿನ ತೂತಿಗೆ ಉಜ್ಜುತ್ತದೆ. ತೂಗಾಟ ಸಣ್ಣದಾಗುತ್ತದೆ. ಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರವಿದ್ದರೂ ಭೂಮಿಯ ಸೆಳೆತ ಆ ಬದಿಯನ್ನು ಹಿಡಿದು ಆಡಿಸುತ್ತದೆ. ಆದ್ದರಿಂದ ಅದೇ ವಾಚು ಅಂಗಾತ ಇದ್ದಾಗ ಒಂದು ವೇಗ, ನಿಂತಾಗ ಇನ್ನೊಂದು ವೇಗ. ಈ ಕಾಟ ತಪ್ಪಿಸಲು ಪ್ಯಾರಿಸಿನ ಬ್ರೆಗೆ ಎಂಬ ಮಹಾಶಯ ಇಡೀ ಬ್ಯಾಲೆನ್ಸನ್ನೇ ಗಿರಗಿರ ತಿರುಗಿಸುವ ಟೂರ್ಬಿಲ್ಲನ್ ಎಂಬ ಯಂತ್ರಕ್ಕೆ 1801ರಲ್ಲಿ ಪೇಟೆಂಟ್ ಪಡೆದ. ಅದಿರುವ ವಾಚು ಕೊಳ್ಳಲು ನಾನು ಮನೆ ಮಾರಬೇಕು. ಹಾಗಾಗಿ ಮನೆಯ ಮೇಜನ್ನೇ ಟೂರ್ಬಿಲ್ಲನ್ ಮಾಡಿಕೊಂಡೆ. ಒಂದು ವಾರ ನನ್ನ ಹಳೆಯ ವಾಚನ್ನು ದಿನಕ್ಕೊಂದು ಭಂಗಿಯಲ್ಲಿ ಇಪ್ಪತ್ನಾಲ್ಕು ಗಂಟೆ ಇಟ್ಟು, ನೋಟ್‌ಬುಕ್ಕಿನಲ್ಲಿ ಬರೆದೆ. ಅಂಗಾತ ಮಲಗಿದಾಗ 14 ಸೆಕೆಂಡು ಮುಂದೆ. ಬೋರಲು ಹಾಕಿದಾಗ 11 ಮುಂದೆ. ಕೀ ಮೇಲೆ ಬರುವಂತೆ ನಿಲ್ಲಿಸಿದಾಗ 9 ಹಿಂದೆ. ಈಗ ವಾಚು ಮುಂದೆ ಓಡಿದ ದಿನ ರಾತ್ರಿ ಅದನ್ನು ನಿಲ್ಲಿಸಿ ಮಲಗಿಸುತ್ತೇನೆ, ಹಿಂದೆ ಬಿದ್ದ ದಿನ ಅಂಗಾತ. ಮುಳ್ಳು ಮುಟ್ಟದೆ ಮೂರು ವಾರ ಕಳೆದಿವೆ.

ಅಂದರೆ ನೀವು ಟೈಮ್ ಇಡುವುದರಲ್ಲಿ ತಪ್ಪೇನೂ ಇಲ್ಲ. ಹಳೆಯ ವಾಚ್ ರಿಪೇರಿಯವರು ಗಿರಾಕಿಯ ಅಭ್ಯಾಸ ಕೇಳಿ, ಅದಕ್ಕೆ ತಕ್ಕಂತೆ ಒಳಗಿನ, ವೇಗ ಹೊಂದಿಸುವ ಕಡ್ಡಿಯನ್ನು ಒಂದಿಷ್ಟು ಸರಿಸಿಕೊಡುತ್ತಿದ್ದರು. ನಮ್ಮ ತಂದೆ ರಾತ್ರಿ ವಾಚನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ನೀವು ಬಹುಶಃ ಮೊಬೈಲಿನ ಪಕ್ಕದಲ್ಲಿ ಅಂಗಾತ ಇಡುತ್ತೀರಿ. (ಆಯಸ್ಕಾಂತವಿರುವ ಫೋನ್ ಕವರ್ ಆದರೆ ದೂರವಿಡಿ, ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ.) ಅಮ್ಮನನ್ನೋ ಅಕ್ಕನನ್ನೋ ಒಮ್ಮೆ ಕೇಳಿ ನೋಡಿ: ಅಪ್ಪ ಮಲಗುವ ಮುಂಚೆ ವಾಚು ಬಿಚ್ಚಿ ಎಲ್ಲಿ ಇಡುತ್ತಿದ್ದರು? ಹಾಗೆಯೇ ಒಂದು ವಾರ ಇಟ್ಟು, ಎಷ್ಟು ಸೆಕೆಂಡು ಬಂತು ಬರೆಯಿರಿ.